ಬ್ಯಾಣದ ಬಿಳಿ ಹೂವಿನ ಹೆಸರು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಐಟಿ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು'. ನಾನು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವುದರಿಂದ ಅದು ಸಹಜವೇ. ಆದರೆ ಅದನ್ನು ಹೇಳುವವರು ಈ ಪಟ್ಟಿಯಲ್ಲಿ ಇನ್ನೂ ಮೂವರಿದ್ದಾರೆ. ಹಾಗಾಗಿ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ನಮ್ಮೂರ ಬ್ಯಾಣದಲ್ಲಿ ಮಳೆಗಾಲದಲ್ಲಿ ಅರಳುವ ಒಂದು ಬಿಳಿ ಹೂವಿನ ಹೆಸರನ್ನು ಪತ್ತೆ ಮಾಡಿದ ಕಥೆ ಇದು. ಅದರಲ್ಲಿ ನಾನು ಮಾಡಿದ ಎರಡು ತಪ್ಪುಗಳ ಕಥೆಯೂ ಇದೆ. ಮೊದಲನೆಯದನ್ನು ತಿದ್ದಿಕೊಳ್ಳಲು ಎರಡು ದಿನ ಸಾಕಾಯಿತು.

2020ನೇ ಇಸವಿ ನಿಮಗೆಲ್ಲ ನೆನಪಿದೆ. ಕೊರೊನಾ ಬಂದು ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದರು. ಊರಿಗೆ ಬಂದೆ. ಮನೆಯಲ್ಲಿ ಅಡಿಕೆ ತೋಟ ಇದೆ, ಬಾವಿ ಇದೆ, ಅಮ್ಮನ ತಂಬುಳಿ ಇದೆ, ನೆಟ್‌ವರ್ಕ್ ಮಾತ್ರ ಇಲ್ಲ. ಸಿಗ್ನಲ್ ಸಿಗುತ್ತಿದ್ದದ್ದು ಬ್ಯಾಣದ ನೆತ್ತಿಯಲ್ಲಿ. ಯಾವ ಬ್ಯಾಣ ಎಂದು ನಾನು ಹೇಳುವುದಿಲ್ಲ. ಊರಿನವರಿಗೆ ಊಹಿಸುವುದು ಕಷ್ಟವೇನಲ್ಲ, ಆದರೆ ಸ್ಮರಣ ಸಂಚಿಕೆ ಊರಾಚೆಗೂ ಹೋಗುತ್ತದೆ. ಕಾರಣ ಮುಂದೆ ಗೊತ್ತಾಗುತ್ತದೆ.

ಅಲ್ಲಿ ಒಂದು ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ನಾನೊಬ್ಬನೇ ಅಲ್ಲ. ನಮ್ಮ ಶಾಲೆಯ ಏಳೆಂಟು ಮಕ್ಕಳೂ ಆನ್‌ಲೈನ್ ಪಾಠಕ್ಕೆಂದು ಕೊಡೆ ಹಿಡಿದು ಬರುತ್ತಿದ್ದರು. ಅವರಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅಪ್ಪನ ಮೊಬೈಲು ತರುತ್ತಿದ್ದಳು. ಅಪ್ಪ ಕೆಲಸಕ್ಕೆ ಹೋದ ದಿನ ಮೊಬೈಲಿಲ್ಲ, ಪಾಠವೂ ಇಲ್ಲ. ಆದರೂ ಬರುತ್ತಿದ್ದಳು. ಬಂದು ಸುಮ್ಮನೆ ಗಿಡ ನೋಡುತ್ತ ತಿರುಗುತ್ತಿದ್ದಳು. ಅವಳ ಹೆಸರು ಹೇಳುವುದಿಲ್ಲ. ಈಗ ಬಿ.ಎಸ್ಸಿ. ಓದುತ್ತಿದ್ದಾಳೆ, ಇದೇ ಸಭೆಯಲ್ಲಿ ಕುಳಿತಿದ್ದಾಳೆ.

ಜೂನ್ ಕೊನೆಯಲ್ಲಿ ಹುಲ್ಲಿನ ನಡುವೆ ಜಂಬಿಟ್ಟಿಗೆ ನೆಲಕ್ಕೆ ಅಂಟಿಕೊಂಡಂತೆ ಒಂದೊಂದೇ ದುಂಡನೆಯ ಎಲೆ ಕಂಡವು. ಜುಲೈ ಹೊತ್ತಿಗೆ ಆ ಎಲೆಯ ನಡುವಿನಿಂದ ಗೇಣುದ್ದದ ಕಡ್ಡಿ ಎದ್ದು ತುದಿಯಲ್ಲಿ ಒಂದೆರಡು ಬಿಳಿ ಹೂ. ಅಮ್ಮನಿಗೆ ಫೋಟೋ ತೋರಿಸಿದೆ. 'ಸೀತಾಳೆ ಹೂವಿನ ಹಾಗೇ ಇದೆ, ಆದರೆ ಸೀತಾಳೆ ಮರದ ಮೇಲಲ್ಲವೇನೋ ಇರೋದು? ನೆಲದಲ್ಲಿದ್ದರೆ ಅದು ಹುಲ್ಲು' ಎಂದಳು. ಅಮ್ಮನ ವರ್ಗೀಕರಣದಲ್ಲಿ ಅರ್ಧ ಸತ್ಯವಿದೆ. ಹೆಣ್ಣುಮಕ್ಕಳು ಮುಡಿಯುವ ಸೀತಾಳೆ ದಂಡೆ ಆರ್ಕಿಡ್ ಕುಟುಂಬದ್ದು, ಅದು ಮರದ ಮೇಲೇ ಬೆಳೆಯುತ್ತದೆ. ಆದರೆ ಅದೇ ಕುಟುಂಬದಲ್ಲಿ ನೆಲಕ್ಕೆ ಬೇರು ಬಿಟ್ಟು, ಮಣ್ಣಿನೊಳಗೆ ಗೆಡ್ಡೆ ಇಟ್ಟುಕೊಂಡು, ಮಳೆಗಾಲಕ್ಕೆ ಮಾತ್ರ ತಲೆ ಎತ್ತುವ ಗಿಡಗಳೂ ಇವೆ. ಅವು ಬೇಸಿಗೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಮಾಯವಾಗುತ್ತವೆ. ದನ ಹೊಡೆದುಕೊಂಡು ಅದೇ ಬ್ಯಾಣದಲ್ಲಿ ಬೆಳೆದ ನನಗೇ ಅವು ಮೂವತ್ತು ದಾಟುವವರೆಗೆ ಕಂಡಿರಲಿಲ್ಲ.

ಆ ಒಂಟಿ ಎಲೆಯ ಗಿಡ ಹ್ಯಾಬನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್. ಹೆಸರು ಗಿಡಕ್ಕಿಂತ ಉದ್ದ. ಅದನ್ನು ಗುರುತಿಸುವುದು ಸುಲಭ: ನೆಲಕ್ಕೆ ಹಾಸಿದ ಒಂದೇ ದುಂಡೆಲೆ, ಮಳೆಗಾಲದ ಆರಂಭ, ಬಿಳಿ ಹೂ. ಒಂದೇ ಎಲೆ ಎಂದ ಕೂಡಲೇ ನಿಮಗೆ ಒಂದೆಲಗ ನೆನಪಾಗಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೆಲಗ ನೆಲದ ಮೇಲೆ ಹಬ್ಬುತ್ತದೆ, ಅದರ ಎಲೆಯ ನರಗಳು ತೊಟ್ಟಿನಿಂದ ಬೀಸಣಿಗೆಯಂತೆ ಹರಡಿ ಬಲೆಯಾಗುತ್ತವೆ. ಇನ್ನೊಂದು ಗೊಂದಲ ನರ್ವೀಲಿಯಾ ಎಂಬ ನೆಲದ ಆರ್ಕಿಡ್‌ನಿಂದ ಬರುತ್ತದೆ. ಅದಕ್ಕೂ ಒಂದೇ ಎಲೆ. ಆದರೆ ಅದು ಮೊದಲು ಬರಿಗಡ್ಡಿಯಲ್ಲಿ ಹೂ ಬಿಟ್ಟು, ಹೂ ಬಾಡಿದ ಮೇಲೆ ಎಲೆ ಬಿಡುತ್ತದೆ. ಹೂವೂ ಎಲೆಯೂ ಒಟ್ಟಿಗೆ ಕಂಡರೆ ಅದು ನರ್ವೀಲಿಯಾ ಅಲ್ಲ.

ಕಥೆ ಇರುವುದು ಆಗಸ್ಟಿನ ಗಿಡದ್ದು. ಬುಡದಲ್ಲಿ ಮೂರು ನಾಲ್ಕು ಉದ್ದನೆಯ ಎಲೆ, ನಡುವೆ ಕಡ್ಡಿ ಎದ್ದಿದೆ, ಹೂ ಇನ್ನೂ ಇಲ್ಲ. ಎಣಿಸಿದೆವು, ಹದಿನೇಳು ಗಿಡ. ಮೊಬೈಲಿನ ಒಂದು ಆ್ಯಪ್‌ಗೆ ಎಲೆಯ ಫೋಟೋ ಕೊಟ್ಟೆ. ಸೋಮವಾರ ಒಂದು ಹೆಸರು ಹೇಳಿತು, ಮಂಗಳವಾರ ಇನ್ನೊಂದು, ಬುಧವಾರ ಮನೆಯೊಳಗಿನ ಕುಂಡದಲ್ಲಿ ಬೆಳೆಸುವ ಯಾವುದೋ ಅಲಂಕಾರಿಕ ಗಿಡ ಎಂದಿತು. ಅದರ ತಪ್ಪೇನೂ ಅಲ್ಲ. ಹೂವಿಲ್ಲದ ನೆಲದ ಆರ್ಕಿಡ್‌ನ ಎಲೆಯನ್ನು ಮಾತ್ರ ನೋಡಿ ಜಾತಿ ಹೇಳುವುದು ಬಹಳ ಸಲ ತಜ್ಞರಿಗೂ ಆಗುವುದಿಲ್ಲ. ಕಾಯುವುದೊಂದೇ ದಾರಿ.

ಚೌತಿ ಕಳೆದ ವಾರ ಮೊದಲ ಹೂ ಅರಳಿತು.

ಮಕ್ಕಳೇ, ವಿಜ್ಞಾನದ ಪುಸ್ತಕದಲ್ಲಿ ದಾಸವಾಳದ ಚಿತ್ರ ನೋಡಿದ್ದೀರಿ. ಐದು ದಳ, ಎಲ್ಲವೂ ಒಂದೇ ತರಹ. ಆರ್ಕಿಡ್‌ನಲ್ಲಿ ಹಾಗಲ್ಲ. ಹೊರಗೆ ಮೂರು ಪುಷ್ಪಪತ್ರ, ಒಳಗೆ ಮೂರು ದಳ. ಆ ಮೂರು ದಳಗಳಲ್ಲಿ ಎರಡು ಒಂದು ತರಹ, ಮೂರನೆಯದೇ ಬೇರೆ ತರಹ. ಈ ಮೂರನೆಯದಕ್ಕೆ ತುಟಿ ಎನ್ನುತ್ತಾರೆ. ಹುಳು ಬಂದು ಇಳಿಯುವ ಕಟ್ಟೆ ಅದು. ನಮ್ಮ ಬ್ಯಾಣದ ಹೂವಿನಲ್ಲಿ ಮೇಲಿನ ಪುಷ್ಪಪತ್ರವೂ ಎರಡು ಸಣ್ಣ ದಳಗಳೂ ಸೇರಿ ಟೋಪಿಯ ಹಾಗೆ ಮೇಲೆ ಕುಳಿತಿರುತ್ತವೆ. ಉಳಿದೆರಡು ಪುಷ್ಪಪತ್ರ ಕಿವಿಯಂತೆ ಪಕ್ಕಕ್ಕೆ. ಕೆಳಗೆ ತುಟಿ, ಅದು ಮೂರು ಸೀಳು. ಇನ್ನು ಕೇಸರ ಒಂದು ಕಡೆ, ಶಲಾಕೆ ಒಂದು ಕಡೆ ಎಂದು ಹುಡುಕಿದರೆ ಸಿಗುವುದಿಲ್ಲ. ಎರಡೂ ಬೆಸೆದುಕೊಂಡು ಒಂದೇ ಸ್ತಂಭವಾಗಿವೆ. ಪರಾಗವೂ ಪುಡಿಯಲ್ಲ, ಸಣ್ಣ ಉಂಡೆಯಾಗಿ ಕಟ್ಟಿಕೊಂಡಿರುತ್ತದೆ. ಇಷ್ಟು ಕಂಡರೆ ಅದು ಆರ್ಕಿಡ್, ಅನುಮಾನ ಬೇಡ.

ಹೂವಿನ ಹಿಂದೆ ನಾವು ತೊಟ್ಟು ಅಂದುಕೊಳ್ಳುವ ಭಾಗ ಇದೆಯಲ್ಲ, ಅದು ಹೆಚ್ಚಿನಂಶ ಅಂಡಾಶಯ. ಹತ್ತಿರ ನೋಡಿದರೆ ಅದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿರುತ್ತದೆ. ಮೊಗ್ಗಿನಲ್ಲಿ ತುಟಿ ಮೇಲಿರುತ್ತದೆ. ಅರಳುವಾಗ ಹೂ ಅರ್ಧ ಸುತ್ತು ತಿರುಗಿ ತುಟಿಯನ್ನು ಕೆಳಗೆ ತರುತ್ತದೆ. ಆ ತಿರುಚು ತಿರುಗಿದ್ದರ ಗುರುತು. ಇದನ್ನು ಕಂಡ ದಿನ ನಾನು ಆಫೀಸಿನ ಮೀಟಿಂಗೊಂದನ್ನು ಪೂರ್ತಿ ಮರೆತೆ.

ಇನ್ನು ಜಾತಿ ಯಾವುದು ಎನ್ನುವ ಪ್ರಶ್ನೆ. ಸಸ್ಯಶಾಸ್ತ್ರಜ್ಞರು ಇದಕ್ಕೆ 'ಕೀ' ಎಂಬ ಸಾಧನ ಬಳಸುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಎರಡು ಮಾತು ಇರುತ್ತದೆ: ಎಲೆ ಬುಡದಲ್ಲಿದೆಯೋ, ಕಾಂಡದುದ್ದಕ್ಕೂ ಇದೆಯೋ? ಬುಡದಲ್ಲಿದ್ದರೆ ಇಲ್ಲಿಗೆ ಹೋಗು, ಇಲ್ಲದಿದ್ದರೆ ಅಲ್ಲಿಗೆ ಹೋಗು. 1778ರಲ್ಲಿ ಫ್ರಾನ್ಸಿನ ಲಾಮಾರ್ಕ್ ತನ್ನ ದೇಶದ ಸಸ್ಯಗಳ ಪುಸ್ತಕದಲ್ಲಿ ಈ ಕ್ರಮವನ್ನು ಬಳಸಿದ. ನಾವು ಪ್ರೋಗ್ರಾಮಿನಲ್ಲಿ ಬರೆಯುವ 'ಇಫ್–ಎಲ್ಸ್' ಇದೇ. ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲೇ ಹೂವಿಗೆ ಬರೆದ ಪ್ರೋಗ್ರಾಂ ನೋಡಿ ನನಗೆ ಬಹಳ ಖುಷಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು ಕರ್ನಾಟಕದ ಸಸ್ಯಗಳ ವಿವರವನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಅದೂ ನೆರವಿಗೆ ಬಂತು. ಆ ಹರ್ಬೇರಿಯಂನ ಸಂಕೇತಾಕ್ಷರ ಜೆ.ಸಿ.ಬಿ. ನಮ್ಮ ಕಡೆ ಶುಂಠಿಗೆಂದು, ಸೈಟಿಗೆಂದು ಬ್ಯಾಣ ಮಟ್ಟ ಮಾಡುವ ಯಂತ್ರದ ಹೆಸರೂ ಅದೇ.

ನಮ್ಮ ಗಿಡಕ್ಕೆ ಕೀ ಹಿಡಿದು ಹೊರಟೆ. ತುಟಿಯ ಪಕ್ಕದ ಸೀಳುಗಳು ಬಾಚಣಿಗೆಯ ಹಲ್ಲಿನಂತೆ ಎಳೆ ಎಳೆಯಾಗಿ ಹರಿದಿವೆಯೇ? ಹಾಗಿದ್ದರೆ ಅದು ಪೆಕ್ಟೈಲಿಸ್ ಜೈಗ್ಯಾಂಟಿಯಾ, ಸೊಂಟದೆತ್ತರ ಬೆಳೆದು ಅಂಗೈಯಗಲದ ಹೂ ಬಿಡುವ ಗಿಡ. ಅದರ ಎಲೆಯೂ ಕಾಂಡದುದ್ದಕ್ಕೂ ಇರುತ್ತದೆ. ಪೆಕ್ಟೈಲಿಸ್ ಎಂಬ ಹೆಸರೇ ಲ್ಯಾಟಿನ್ನಿನ ಬಾಚಣಿಗೆಯಿಂದ ಬಂದದ್ದು. ನಮ್ಮದು ಅಷ್ಟು ದೊಡ್ಡದಲ್ಲ, ತುಟಿ ಹರಿದೂ ಇಲ್ಲ. ಅಂದರೆ ಅದಲ್ಲ. ಹೂಗಳೆಲ್ಲ ಕಡ್ಡಿಯ ಒಂದೇ ಪಕ್ಕಕ್ಕೆ ಹಲ್ಲುಜ್ಜುವ ಬ್ರಷ್ಷಿನಂತೆ ಸಾಲಾಗಿವೆಯೇ? ಹಾಗಿದ್ದರೆ ಹ್ಯಾಬನೇರಿಯಾ ಹೇನಿಯಾನಾ. ಅದೂ ಅಲ್ಲ. ಎಲೆ ಬುಡದಲ್ಲಿ, ತುಟಿಯ ಪಕ್ಕದ ಸೀಳು ಅಗಲ, ನಡುವಿನದು ಕಿರಿದು. ಕೊನೆಗೆ ಉಳಿದ ಹೆಸರು ಎರಡು.

ಅಲ್ಲಿ ಕೀ ಕೇಳಿದ್ದು ಸ್ಪರ್‌ನ ಉದ್ದ. ತುಟಿಯ ಬುಡದಿಂದ ಹಿಂದಕ್ಕೆ ಇಳಿಯುವ ಬಾಲದಂಥ ಪೊಳ್ಳು ನಳಿಗೆಗೆ ಸ್ಪರ್ ಎನ್ನುತ್ತಾರೆ. ಮಕರಂದ ಇರುವುದು ಅದರೊಳಗೆ. ನಾನು ಫೋಟೋ ನೋಡಿದೆ. ಎಲ್ಲ ಫೋಟೋವನ್ನೂ ಎದುರಿನಿಂದ ತೆಗೆದಿದ್ದೆ, ಚಂದ ಕಾಣಲಿ ಎಂದು. ಬಾಲ ಹೂವಿನ ಹಿಂದೆ ಹುಲ್ಲಿನಲ್ಲಿ ಮುಚ್ಚಿಹೋಗಿದೆ. ಮಳೆ ಜೋರಿತ್ತು, ಮತ್ತೆ ಹತ್ತಿ ಹೋಗುವುದಕ್ಕೆ ಮೈಗಳ್ಳತನ. ಹಿಂದೆ ಕಂಡ ಗಿಡ್ಡನೆಯ ಹಸಿರು ಕಡ್ಡಿಯನ್ನೇ ಸ್ಪರ್ ಅಂದುಕೊಂಡೆ, ಮೂರು ಸೆಂಟಿಮೀಟರ್ ಇರಬಹುದು ಎಂದು ಅಂದಾಜು ಮಾಡಿದೆ. ಉತ್ತರ ಬಂತು: ಹ್ಯಾಬನೇರಿಯಾ ಪ್ಲಾಂಟಾಜಿನಿಯಾ. ಅದೇ ಸಂಜೆ ಗಿಡ ಪ್ರಿಯರ ಒಂದು ವಾಟ್ಸಾಪ್ ಗುಂಪಿಗೆ ಫೋಟೋ, ಹೆಸರು ಎರಡನ್ನೂ ಹಾಕಿದೆ. ಮೆಚ್ಚುಗೆಯ ಸುರಿಮಳೆ. ಒಬ್ಬರು ಎಲ್ಲಿ ಸಿಕ್ಕಿತು ಸರ್ ಎಂದು ಕೇಳಿದರು. ಉತ್ಸಾಹದಲ್ಲಿ ಮ್ಯಾಪಿನ ಲೊಕೇಶನ್ ಕಳಿಸಿದೆ.

ಎರಡು ದಿನ ಬಿಟ್ಟು ಆ ಹುಡುಗಿಗೆ ನನ್ನ ಸಂಶೋಧನೆ ವಿವರಿಸಿದೆ. ಅವಳು ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತೆಗೆದುಕೊಂಡು ಗಿಡದ ಹತ್ತಿರ ಹೋಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದಳು.

'ಅಣ್ಣಾ, ಬಾಲ ಮೂರು ಸೆಂಟಿಮೀಟರ್ ಅಂದ್ರಲ್ಲ?'

'ಹೌದು.'

'ಇದು ಹನ್ನೊಂದು ಉಂಟು.'

'ಕಾಂಡ ಸೇರಿಸಿ ಅಳೆದಿರಬೇಕು, ಸರಿಯಾಗಿ ನೋಡು ಮಾರಾಯ್ತಿ.'

'ನೀವೇ ಬಂದು ನೋಡಿ.'

ಹೋಗಿ ನೋಡಿದೆ. ಹುಲ್ಲು ಸರಿಸಿದರೆ ಹೂವಿನ ಹಿಂದಿನಿಂದ ಸಣ್ಣ ದಾರದಂತೆ ಬಾಲ ಜೋತು ಬಿದ್ದಿದೆ. ಹೂವಿನ ಅಗಲಕ್ಕಿಂತ ಎಷ್ಟೋ ಪಟ್ಟು ಉದ್ದ. ನಾನು ಫೋಟೋದಲ್ಲಿ ಸ್ಪರ್ ಅಂದುಕೊಂಡಿದ್ದ ಗಿಡ್ಡ ಕಡ್ಡಿ ತಿರುಚಿದ ಅಂಡಾಶಯ! ಇನ್ನೂ ಮೂರು ಹೂ ಅಳೆದೆವು. ಎಲ್ಲವೂ ಹತ್ತು ಸೆಂಟಿಮೀಟರ್ ದಾಟಿದವು. ಅಂದರೆ ಅದು ಹ್ಯಾಬನೇರಿಯಾ ಲಾಂಗಿಕಾರ್ನಿಕ್ಯುಲೇಟಾ. ಹೆಸರನ್ನು ಬಿಡಿಸಿದರೆ ಉದ್ದ ಕೊಂಬುಳ್ಳದ್ದು ಎಂದರ್ಥ. ಹೆಸರಿಟ್ಟವರು ಗುರುತನ್ನು ಹೆಸರಿನೊಳಗೇ ಇಟ್ಟು ಹೋಗಿದ್ದರು. ಪ್ಲಾಂಟಾಜಿನಿಯಾ ಎಂದರೂ ಹಾಗೇ, ಪ್ಲಾಂಟಾಗೋ ಎಂಬ ಗಿಡದ ಎಲೆಯಂಥ ಎಲೆಯುಳ್ಳದ್ದು. ನಾನು ಎಲೆಯ ಹೆಸರಿಗೆ ಜೋತುಬಿದ್ದಿದ್ದೆ, ಅವಳು ಕೊಂಬನ್ನು ಅಳೆದಳು.

ಇಷ್ಟುದ್ದದ ಬಾಲ ಯಾಕೆ ಎಂದು ಅವಳು ಕೇಳಿದಳು. ಡಾರ್ವಿನ್‌ನ ಕಥೆ ಹೇಳಿದೆ. ಮಡಗಾಸ್ಕರ್ ದ್ವೀಪದ ಒಂದು ಆರ್ಕಿಡ್‌ಗೆ ಸುಮಾರು ಒಂದಡಿ ಉದ್ದದ ಸ್ಪರ್ ಇದೆ. ಅದನ್ನು ನೋಡಿದ ಡಾರ್ವಿನ್ 1862ರಲ್ಲಿ, ಅಷ್ಟೇ ಉದ್ದದ ನಾಲಿಗೆಯ ಪತಂಗವೊಂದು ಅಲ್ಲಿ ಇರಲೇಬೇಕು ಎಂದು ಬರೆದ. ಅಂಥ ಪತಂಗವನ್ನು 1903ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದರು. ಅಷ್ಟರಲ್ಲಿ ಡಾರ್ವಿನ್ ತೀರಿಕೊಂಡು 21 ವರ್ಷವಾಗಿತ್ತು. ನಮ್ಮ ಬ್ಯಾಣದ ಪತಂಗವನ್ನೂ ನೋಡೋಣ ಎಂದು ಒಂದು ಸಂಜೆ ಅವಳ ಅಪ್ಪನನ್ನೂ ಕರೆದುಕೊಂಡು ಟಾರ್ಚ್ ಹಿಡಿದು ಕೂತೆವು. ಮಳೆ ಬಂತು, ಉಂಬಳ ಬಂತು, ಪತಂಗ ಬರಲಿಲ್ಲ.

ಗುಂಪಿನಲ್ಲಿ ಹೆಸರು ತಿದ್ದಿದೆ, ಕ್ಷಮೆ ಕೇಳಿದೆ. ಅದಕ್ಕೂ ಮೆಚ್ಚುಗೆ ಬಂತು. ಲೊಕೇಶನ್ ಮಾತ್ರ ಅಳಿಸಲಿಲ್ಲ, ಅದರ ಯೋಚನೆಯೇ ಬರಲಿಲ್ಲ.

ಸೆಪ್ಟೆಂಬರ್ ಎರಡನೇ ವಾರ ಒಂದು ಬೆಳಗ್ಗೆ ಹತ್ತಿ ಹೋದರೆ ಆ ಹುಡುಗಿ ನನಗಿಂತ ಮೊದಲೇ ಅಲ್ಲಿ ನಿಂತಿದ್ದಾಳೆ. ಹದಿನೇಳು ಗಿಡ ಇದ್ದಲ್ಲಿ ಹನ್ನೊಂದು ಗುಂಡಿ. ಚೊಕ್ಕವಾಗಿ ತೋಡಿದ್ದರು, ದನ ಅಥವಾ ಹಂದಿಯ ಕೆಲಸ ಅಲ್ಲ. ಆಳವೂ ಸರಿಯಾಗಿ ಗೆಡ್ಡೆ ಸಿಗುವಷ್ಟೇ. ಊರಿನವರು ಯಾರೂ ಆ ಗಿಡವನ್ನು ಮುಟ್ಟುವವರಲ್ಲ, ಅವರಿಗೆ ಅದು ಹುಲ್ಲು. ಯಾರು ಎಂದು ನಾನು ಹುಡುಕಲಿಲ್ಲ. ಹುಡುಕುವ ಮುಖ ನನಗೆ ಇರಲಿಲ್ಲ.

'ಅಣ್ಣಾ, ನೀವು ಲೊಕೇಶನ್ ಹಾಕಿದ್ರಾ?' ಎಂದು ಅವಳು ಕೇಳಿದಳು.

'ಇಲ್ಲ' ಅಂದೆ.

ಅದು ಸುಳ್ಳು. ಇವತ್ತು ಅವಳ ಎದುರಿಗೇ, ನಿಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ. ಹಾಕಿದ್ದೆ ತಂಗಿ. ಹೆಸರು ತಪ್ಪು ಹಾಕಿದ್ದೆ, ಜಾಗ ಸರಿಯಾಗಿ ಹಾಕಿದ್ದೆ.

ಆ ಗುಂಡಿಯಲ್ಲಿ ಹೋದದ್ದು ಏನು ಎಂದು ಮಕ್ಕಳಿಗೆ ಗೊತ್ತಾಗಬೇಕು. ಈ ಗಿಡದ ಬುಡದಲ್ಲಿ ಸಾಮಾನ್ಯವಾಗಿ ಎರಡು ಗೆಡ್ಡೆ. ಒಂದು ಹಳೆಯದು, ಈ ವರ್ಷದ ಎಲೆಗೆ, ಹೂವಿಗೆ ಬಂಡವಾಳ ಕೊಟ್ಟು ಸುಕ್ಕಾಗುತ್ತಿರುತ್ತದೆ. ಇನ್ನೊಂದು ಹೊಸದು, ಮುಂದಿನ ವರ್ಷಕ್ಕೆ ತುಂಬಿಕೊಳ್ಳುತ್ತಿರುತ್ತದೆ. ಹೂ ಇರುವಾಗ ಕಿತ್ತರೆ ಎರಡೂ ಹೋಯಿತು. ಕುಂಡದಲ್ಲಿ ನೆಟ್ಟರೆ ಬರುವುದಿಲ್ಲವೇ? ಬರುವುದು ಅಪರೂಪ. ಇದರ ಬೇರಿಗೆ ಆ ನೆಲದ ಶಿಲೀಂಧ್ರದ ಸಹವಾಸ ಬೇಕು. ಬೀಜದ ಕಥೆ ಇನ್ನೂ ಕಷ್ಟದ್ದು. ಒಂದು ಕಾಯಿಯೊಳಗೆ ಧೂಳಿನಂತೆ ಅಸಂಖ್ಯ ಬೀಜ. ಆದರೆ ಭತ್ತದ ಕಾಳಿನಲ್ಲಿ, ಕಡಲೆಯಲ್ಲಿ ಇರುವಂಥ ಬುತ್ತಿ ಅದರಲ್ಲಿ ಇಲ್ಲ. ಬಿದ್ದಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಮೊಳಕೆ. ಇಲ್ಲವಾದರೆ ಧೂಳು ಧೂಳೇ.

ಒಂದು ಕಾಲಕ್ಕೆ ಗಿಡ ಗುರುತಿಸುವುದು ಎಂದರೆ ಬೇರು ಸಮೇತ ಕಿತ್ತು, ಕಾಗದದ ನಡುವೆ ಒತ್ತಿ ಒಣಗಿಸುವುದು. ವಿಜ್ಞಾನಿಗಳಿಗೆ ಅದು ಈಗಲೂ ಅಗತ್ಯ, ಅವರಿಗೆ ಅನುಮತಿಯೂ ಕ್ರಮವೂ ಇರುತ್ತದೆ. ನಮಗೆ ಬೇಡ. ನಮ್ಮ ಗಿಡದ ವಿಷಯದಲ್ಲಿ ಕೀ ಕೇಳಿದ ಒಂದು ಪ್ರಶ್ನೆಗೂ ಮಣ್ಣು ಕೆದಕಬೇಕಾಗಿರಲಿಲ್ಲ, ನೆನಪಿಡಿ. ಎಲೆ ಎಷ್ಟು, ಎಲ್ಲಿದೆ, ಹೂ ಸಾಲಾಗಿದೆಯೇ, ತುಟಿ ಹೇಗಿದೆ, ಬಾಲ ಎಷ್ಟುದ್ದ. ಎಲ್ಲವೂ ನೆಲದ ಮೇಲೇ ಇತ್ತು. ಆರು ಇಂಚಿನ ಪ್ಲಾಸ್ಟಿಕ್ ಸ್ಕೇಲು ಸಾಕಾಯಿತು.

ಫೋಟೋ ತೆಗೆಯುವಾಗ ನನ್ನ ಹಾಗೆ ಎದುರಿನಿಂದ ಮಾತ್ರ ತೆಗೆಯಬೇಡಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಬುಡದ ಎಲೆಯದ್ದು ಒಂದು, ಪೂರ್ತಿ ಗಿಡದ್ದು ಒಂದು ಇರಲಿ. ಹೂವಿನ ಹಿಂದೆ ನೋಟ್‌ಬುಕ್ಕಿನ ಬಿಳಿ ಹಾಳೆ ಹಿಡಿದರೆ ಬಾಲ ಚೆನ್ನಾಗಿ ಕಾಣುತ್ತದೆ, ಪಕ್ಕದಲ್ಲಿ ಸ್ಕೇಲು ಇಡಿ. ತಾರೀಖು ಬರೆದಿಡಿ. ಇನ್ನೊಂದು ಮಾತು, ಇದು ನನ್ನ ಕಸುಬಿನ ಕಡೆಯಿಂದ. ಮೊಬೈಲಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಫೈಲಿನೊಳಗೇ ಅಕ್ಷಾಂಶ ರೇಖಾಂಶ ಸೇರಿಕೊಳ್ಳುತ್ತದೆ. ನೀವು ಜಾಗ ಹೇಳದಿದ್ದರೂ ಮೂಲ ಫೈಲು ಕೈ ಸೇರಿದವರಿಗೆ ಅದು ಹೇಳುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಬಹುದು. ಗೊತ್ತಿಲ್ಲದವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಮಾಡಿ ಕೊಡುತ್ತೇನೆ.

ಆರು ಗಿಡ ಉಳಿದಿತ್ತಲ್ಲ, ಅದರಲ್ಲಿ ಎರಡು ಕಾಯಿ ಕಟ್ಟಿದವು. ಆ ಬ್ಯಾಣದ ಯಜಮಾನರಿಗೆ ವಿಷಯ ಹೇಳಿದೆ. ಅವರು ಜಾಸ್ತಿ ಮಾತಾಡುವವರಲ್ಲ. 'ಕಾಯಿ ಒಡೆದ ಮೇಲೇ ಕರಡ ಕೊಯ್ಯುವಾ' ಅಂದರು. ಅಂದಿನಿಂದ ಪ್ರತಿ ವರ್ಷ ಆ ಮೂಲೆಯ ಹುಲ್ಲನ್ನು ಕೊನೆಗೆ ಕೊಯ್ಯುತ್ತಿದ್ದಾರೆ. ಪೂರ್ತಿ ಕೊಯ್ಯದೆ ಬಿಟ್ಟರೂ ಆಗದು, ಪೊದೆ ಬೆಳೆದು ಹುಲ್ಲುಗಾವಲೇ ಮುಚ್ಚಿಹೋಗುತ್ತದೆ ಎಂಬುದು ಅವರ ಲೆಕ್ಕ, ನನಗೂ ಅದೇ ಸರಿ ಕಾಣುತ್ತದೆ. 2021ರಲ್ಲಿ ನಾಲ್ಕು ಗಿಡ ಎದ್ದವು. ನಡುವೆ ಒಂದು ವರ್ಷ ನಾನು ಬರಲಾಗಲಿಲ್ಲ, ಅವಳು ಎಣಿಸಿ ಚೀಟಿಯಲ್ಲಿ ಬರೆದಿಟ್ಟಿದ್ದಳು, ಆರು. ಕಳೆದ ಆಗಸ್ಟಿನಲ್ಲಿ ಇಬ್ಬರೂ ಒಟ್ಟಿಗೆ ಎಣಿಸಿದೆವು, ಒಂಬತ್ತು.

ಈಗ ಜನವರಿ. ಅಲ್ಲಿಗೆ ಹೋದರೆ ಕೊಯ್ದ ಕರಡದ ಕೂಳೆ ಬಿಟ್ಟರೆ ಏನೂ ಕಾಣುವುದಿಲ್ಲ, ಒಂಬತ್ತೂ ಮಣ್ಣಿನೊಳಗಿವೆ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ. ಚೌತಿಗೆ ನಾನು ಊರಿಗೆ ಬಂದಾಗ ಎಂಟು, ಒಂಬತ್ತನೇ ತರಗತಿಯಿಂದ ಹತ್ತು ಮಕ್ಕಳನ್ನು ಕರೆದುಕೊಂಡು ಹೋಗಲು ಒಪ್ಪಿದ್ದಾರೆ. ಬರುವವರು ಕೊಡೆ ತನ್ನಿ, ಸ್ಕೇಲು ತನ್ನಿ, ಕಾಲಿಗೆ ಹಚ್ಚಿಕೊಳ್ಳಲು ಸುಣ್ಣವೋ ಹೊಗೆಸೊಪ್ಪಿನ ನೀರೋ ತನ್ನಿ, ಉಂಬಳ ವಿಪರೀತ. ಅಳೆಯುವುದು ಹೇಗೆ ಎಂದು ತೋರಿಸುವವಳು ಅವಳೇ. ಅಂಡಾಶಯವನ್ನು ಬಾಲ ಎಂದು ಅಳೆಯುವವರು ಒಬ್ಬರಾದರೂ ಇರುತ್ತಾರೆ, ಕಳೆದ ಸಲ ನಾನಿದ್ದೆ.